ಅಂಗಡಿಯ ಮಾತೂ ಮೊಬೈಲಿನ ಹಣೆಬರಹವೂ

ವಸ್ತುವೊಂದು ಬಹುಜನರ ಕೈಯಲ್ಲಿದೆ ಎಂದ ಮಾತ್ರಕ್ಕೆ ಅದು ಉತ್ತಮವಾದುದೆಂದೂ, ಕೆಲವರ ಕೈಯಲ್ಲಿ ಮಾತ್ರ ಇದೆ ಎಂದರೆ ಅದು ಕೀಳಾದುದೆಂದೂ ತೀರ್ಮಾನಿಸುವುದು ಲೋಕರೂಢಿಯಾಗಿದೆ. ವಿಜ್ಞಾನದ ವಿದ್ಯಾರ್ಥಿಗಳು ಈ ತೀರ್ಮಾನವನ್ನು ಪರೀಕ್ಷಿಸದೆ ಒಪ್ಪಿಕೊಳ್ಳಲಾಗದು. ಅಳತೆಯನ್ನು ನಂಬುವ ಮೊದಲು ಅಳೆದ ತಕ್ಕಡಿಯು ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದು ಪ್ರಯೋಗಶಾಲೆಯ ಮೊದಲನೆಯ ಪಾಠ. ಜನಪ್ರಿಯತೆಯೂ ಒಂದು ಅಳತೆಯೇ; ಅದನ್ನು ಅಳೆಯುವ ತಕ್ಕಡಿಯೆಂದರೆ ಅಂಗಡಿ. ಮೊಬೈಲ್ ಫೋನುಗಳನ್ನು ಮಾರುವ ಅಂಗಡಿಯ ತಕ್ಕಡಿ ಎಷ್ಟರಮಟ್ಟಿಗೆ ಸಮವಾಗಿ ತೂಗುತ್ತದೆ, ಅದು ಒಂದಿಷ್ಟು ವಾಲಿದರೆ ಪರಿಣಾಮವೇನು ಎಂಬುದು ಪ್ರಕೃತ ಲೇಖನದ ವಿಷಯ.

ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯು ತನ್ನ ಹೆಸರಿನಲ್ಲಿಯೇ ಬೆಲ್ಲವನ್ನಿಟ್ಟುಕೊಂಡಿರುವ ಊರು. ಆದಕಾರಣ ಬೆಲ್ಲದ ಉದಾಹರಣೆಯಿಂದಲೇ ಪ್ರಾರಂಭಿಸೋಣ. ಕಬ್ಬಿನ ಹಾಲಿಗೆ ಬಣ್ಣ ತಿಳಿಗೊಳಿಸುವ ರಾಸಾಯನಿಕವನ್ನು ಬೆರೆಸದೆ ಕಾಯಿಸಿದರೆ ಸಾಮಾನ್ಯವಾಗಿ ಕಂದುಬಣ್ಣದ ಬೆಲ್ಲ ಬರುತ್ತದೆ. ಪೇಟೆಯಲ್ಲಿ ಮನ್ನಣೆ ಇರುವುದು ಹೊಂಬಣ್ಣದ ಬೆಲ್ಲಕ್ಕೆ. ಆ ಬಣ್ಣವನ್ನು ತರಿಸುವುದಕ್ಕಾಗಿ ಕೆಲವು ಗಾಣಗಳಲ್ಲಿ ‘ಹೈಡ್ರೋಸ್’ ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟನ್ನು ಬಳಸುವುದುಂಟು. ಕಂದುಬೆಲ್ಲ ಹೋಗುವುದಿಲ್ಲವೆಂದು ವ್ಯಾಪಾರಿಯು ಅದನ್ನು ಇಡುವುದಿಲ್ಲ, ಇಡದ್ದರಿಂದ ಗಿರಾಕಿಯು ಅದನ್ನು ಕಾಣುವುದಿಲ್ಲ, ಕಾಣದ್ದರಿಂದ ಕೇಳುವುದಿಲ್ಲ, ಕೇಳದ್ದರಿಂದ “ನೋಡಿರಿ, ಯಾರೂ ಕೇಳುವುದೇ ಇಲ್ಲ” ಎಂಬ ವ್ಯಾಪಾರಿಯ ಮಾತು ನಿಜವಾಗಿಬಿಡುತ್ತದೆ. ಈ ಸುತ್ತಿನಲ್ಲಿ ಬೆಲ್ಲದ ರುಚಿಯಾಗಲಿ ಗುಣವಾಗಲಿ ಎಲ್ಲಿಯೂ ಪರೀಕ್ಷೆಗೆ ಒಳಗಾಗಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಮೊಬೈಲಿನ ಕಡೆಗೆ ತಿರುಗೋಣ. ಫೋನಿನ ಯಂತ್ರಭಾಗಗಳನ್ನೂ ನಾವು ಬಳಸುವ ಆ್ಯಪ್‌ಗಳನ್ನೂ ಹೊಂದಿಸಿ ನಡೆಸುವ ಮೂಲ ತಂತ್ರಾಂಶವೊಂದು ಅದರೊಳಗಿರುತ್ತದೆ. ಇದಕ್ಕೆ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ, ಎಂದು ಹೆಸರು. ಒಂದು ವ್ಯವಸ್ಥೆಗೆಂದು ಬರೆದ ಆ್ಯಪ್ ಇನ್ನೊಂದರಲ್ಲಿ ಹಾಗೆಯೇ ನಡೆಯುವುದಿಲ್ಲ. ಇಂದು ನಮ್ಮ ದೇಶದ ಸ್ಮಾರ್ಟ್‌ಫೋನುಗಳಲ್ಲಿ ನೂರಕ್ಕೆ ೯೦ಕ್ಕಿಂತಲೂ ಹೆಚ್ಚಿನವು ಆಂಡ್ರಾಯ್ಡ್‌ನವು. ಉಳಿದವುಗಳಲ್ಲಿ ಬಹುಪಾಲು ಆಪಲ್ ಸಂಸ್ಥೆಯ ಐಓಎಸ್‌ನವು. ಆದರೆ ಕಣದಲ್ಲಿ ಮೊದಲಿನಿಂದಲೂ ಇಬ್ಬರೇ ಇರಲಿಲ್ಲ. ನೋಕಿಯಾದ ಸಿಂಬಿಯನ್ ಇತ್ತು, ಬ್ಲ್ಯಾಕ್‌ಬೆರಿ ಇತ್ತು, ೨೦೧೦ರಲ್ಲಿ ಮೈಕ್ರೋಸಾಫ್ಟಿನ ವಿಂಡೋಸ್ ಫೋನ್ ಬಂದಿತು, ೨೦೧೪ರಲ್ಲಿ ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್ ಭಾರತದಲ್ಲಿ ಮಾರಾಟಕ್ಕೆ ಬಂದಿತು, ೨೦೧೫ರ ಜನವರಿಯಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯು ಟೈಜೆನ್ ಎಂಬ ತನ್ನ ವ್ಯವಸ್ಥೆಯುಳ್ಳ ಫೋನನ್ನು ೫,೭೦೦ ರೂಪಾಯಿಗೆ ಇಲ್ಲಿಯೇ ಬಿಡುಗಡೆ ಮಾಡಿತು. ಇವಾವುವೂ ಫೋನುಗಳಲ್ಲಿ ನೆಲೆನಿಲ್ಲಲಿಲ್ಲ. ಫೈರ್‌ಫಾಕ್ಸ್ ಫೋನುಗಳ ಮಾರಾಟವನ್ನು ನಿಲ್ಲಿಸುವುದಾಗಿ ೨೦೧೫ರ ಡಿಸೆಂಬರಿನಲ್ಲಿ ಘೋಷಣೆಯಾಯಿತು. ವಿಂಡೋಸ್ ಫೋನಿಗೆ ಇದ್ದ ಬೆಂಬಲವು ೨೦೨೦ರ ಜನವರಿಯಲ್ಲಿ ಕೊನೆಗೊಂಡಿತು. ಬ್ಲ್ಯಾಕ್‌ಬೆರಿಯ ಹಳೆಯ ವ್ಯವಸ್ಥೆಯ ಸೇವೆಗಳು ೨೦೨೨ರ ಜನವರಿ ೪ರಂದು ನಿಂತುಹೋದವು.

ಇವೆಲ್ಲವೂ ಕೀಳಾಗಿದ್ದುದರಿಂದಲೇ ಅಳಿದವು ಎಂದು ಹೇಳಿಬಿಡುವುದು ಸುಲಭ. ಆದರೆ ಅವು ಗಿರಾಕಿಯ ಕೈಗೆ ಬಂದ ದಾರಿಯನ್ನು ನೋಡಬೇಡವೇ? ಅಮೆರಿಕದಲ್ಲಿ ಜನರು ಫೋನನ್ನು ಹೆಚ್ಚಾಗಿ ಕೊಳ್ಳುವುದು ದೂರಸಂಪರ್ಕ ಸೇವಾಸಂಸ್ಥೆಗಳ ಅಂಗಡಿಗಳಲ್ಲಿ. ಅಲ್ಲಿ ೨೦೦೭ರಿಂದ ೨೦೧೧ರ ಫೆಬ್ರುವರಿಯವರೆಗೆ ಐಫೋನ್ ದೊರೆಯುತ್ತಿದ್ದುದು ಎಟಿ ಅಂಡ್ ಟಿ ಎಂಬ ಒಂದೇ ಸಂಸ್ಥೆಯಲ್ಲಿ. ಐಫೋನ್ ಇಲ್ಲದ ವೆರೈಜನ್ ಸಂಸ್ಥೆಯು ೨೦೦೯ರಲ್ಲಿ ‘ಡ್ರಾಯ್ಡ್’ ಎಂಬ ಆಂಡ್ರಾಯ್ಡ್ ಫೋನನ್ನು ಭಾರಿ ಪ್ರಚಾರದೊಡನೆ ಮುಂದಿಟ್ಟಿತು. ಅಲ್ಲಿಯವರೆಗೆ ಹಿಂದುಳಿದಿದ್ದ ಆಂಡ್ರಾಯ್ಡ್ ಆ ದೇಶದಲ್ಲಿ ತಲೆಯೆತ್ತಿದುದು ಆ ಬಳಿಕ. ಸೇವಾಸಂಸ್ಥೆಯ ಮೇಜು ಯಾವ ವ್ಯವಸ್ಥೆಯನ್ನು ಎತ್ತಿಹಿಡಿಯುವುದೋ ಅದಕ್ಕೆ ಬಲ ಬರುವುದೆಂಬುದಕ್ಕೆ ಇದು ನಿದರ್ಶನ. ವಿಂಡೋಸ್ ಫೋನನ್ನು ಕೇಳಿಕೊಂಡು ಹೋದವರನ್ನು ಸಹ ಮಾರಾಟಗಾರರು ಬೇರೆ ಫೋನಿನತ್ತ ತಿರುಗಿಸುತ್ತಾರೆಂಬ ದೂರು ಅನಂತರದ ವರ್ಷಗಳಲ್ಲಿ ಅಲ್ಲಿ ಮತ್ತೆ ಮತ್ತೆ ಕೇಳಿಬಂದಿತು.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಗೋಕಾಕ, ಹುಕ್ಕೇರಿ, ಮೂಡಲಗಿಯಂತಹ ಪೇಟೆಗಳಲ್ಲಿ ಹಲವು ಕಂಪನಿಗಳ ಫೋನುಗಳನ್ನು ಒಂದೇ ಅಂಗಡಿಯಲ್ಲಿ ಮಾರುತ್ತಾರೆ. ಇದರಿಂದ ಆಯ್ಕೆ ಹೆಚ್ಚಿತೆಂದು ತೋರಬಹುದು. ಆದರೆ ನಮ್ಮ ದೇಶದ ಇಂತಹ ಅಂಗಡಿಗಳಲ್ಲಿ ದೊಡ್ಡ ಕಂಪನಿಗಳು ತಾವೇ ಸಂಬಳ ಕೊಟ್ಟು ತಮ್ಮ ಮಾರಾಟ ಪ್ರತಿನಿಧಿಗಳನ್ನು ನಿಲ್ಲಿಸಿರುವುದುಂಟು. ಮಾರಿದ ಫೋನಿಗೆ ಇಷ್ಟೆಂದು ಅಂಗಡಿಗೆ ಪ್ರೋತ್ಸಾಹಧನ ಕೊಡುವುದೂ ಉಂಟು. ಗಿರಾಕಿಗೆ ಸಲಹೆಗಾರನಂತೆ ಕಾಣುವವನು ವಸ್ತುತಃ ಒಂದು ಪಕ್ಷದ ವಕೀಲನಾಗಿರಬಹುದು. “ಅದು ಬ್ಯಾಡ್ರಿ, ಇದನ್ನ ಒಯ್ಯಿರಿ, ಎಲ್ಲಾರೂ ಇದನ್ನ ಒಯ್ಯಾಕತ್ತಾರ” ಎಂಬ ಮಾತನ್ನು ನಮ್ಮ ಭಾಗದ ಪೇಟೆಗಳಲ್ಲಿ ಕೇಳದವರಾರು? ಆ ಮಾತಿನಲ್ಲಿ ಸುಳ್ಳೇನೂ ಇಲ್ಲ. ಎಲ್ಲರೂ ಅದನ್ನೇ ಒಯ್ಯುತ್ತಿರುವುದಕ್ಕೆ ಆ ಮಾತೇ ಒಂದು ಕಾರಣವೆಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ಇಷ್ಟು ಚಿಕ್ಕ ಒಲವು ದೊಡ್ಡ ಪೇಟೆಯ ಗತಿಯನ್ನು ಬದಲಿಸಬಲ್ಲದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಇದಕ್ಕೆ ಉತ್ತರ ಕೊಡುವ ಒಂದು ಸುಲಭವಾದ ಪ್ರಯೋಗವಿದೆ. ಹಂಗೇರಿಯ ಗಣಿತಜ್ಞ ಜಾರ್ಜ್ ಪೋಲ್ಯಾ ಅವರ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಒಂದು ಗಡಿಗೆಯಲ್ಲಿ ಒಂದು ಕೆಂಪು ಮಣಿಯನ್ನೂ ಒಂದು ಬಿಳಿಯ ಮಣಿಯನ್ನೂ ಹಾಕಿರಿ. ಕಣ್ಣುಮುಚ್ಚಿ ಒಂದನ್ನು ತೆಗೆದು ಬಣ್ಣವನ್ನು ನೋಡಿ, ಅದನ್ನು ಮರಳಿ ಗಡಿಗೆಗೆ ಹಾಕಿರಿ. ಅದರೊಡನೆ ಅದೇ ಬಣ್ಣದ ಇನ್ನೊಂದು ಮಣಿಯನ್ನೂ ಸೇರಿಸಿರಿ. ಹೀಗೆಯೇ ಮುಂದುವರಿಯಿರಿ. ಮೊದಲೇ ಫೋನು ಕೊಂಡಿರುವ ಯಾರಾದರೊಬ್ಬರನ್ನು ನೋಡಿ ಅವರದರಂತಹುದನ್ನೇ ಕೊಳ್ಳುವ ಹೊಸ ಗಿರಾಕಿಯ ಚಿತ್ರವಿದು. ಮೊದಮೊದಲು ಎರಡು ಬಣ್ಣಗಳ ಪ್ರಮಾಣವು ಹೊಯ್ದಾಡುತ್ತದೆ. ಕೆಲವು ನೂರು ಸರದಿಗಳಾದ ಮೇಲೆ ಹೆಚ್ಚುಕಡಿಮೆ ಒಂದೆಡೆ ನಿಲ್ಲುತ್ತದೆ. ಆದರೆ ಎಲ್ಲಿ ನಿಲ್ಲುವುದೆಂಬುದನ್ನು ಮೊದಲೇ ಹೇಳಲಾಗದು. ನೂರಕ್ಕೆ ೧೦ ಆಗಬಹುದು, ೫೦ ಆಗಬಹುದು, ೯೦ ಆಗಬಹುದು. ಎಲ್ಲಕ್ಕೂ ಸಮಾನ ಸಂಭವವಿದೆಯೆಂದು ಗಣಿತವು ತೋರಿಸಿಕೊಡುತ್ತದೆ. ಒಂದು ತರಗತಿಯ ಗಡಿಗೆಯಲ್ಲಿ ಕೆಂಪು ಗೆದ್ದರೆ ಪಕ್ಕದ ತರಗತಿಯ ಗಡಿಗೆಯಲ್ಲಿ ಬಿಳಿ ಗೆದ್ದೀತು. ಮಣಿಗಳ ಗುಣದಲ್ಲಿ ವ್ಯತ್ಯಾಸವೇನೂ ಇಲ್ಲ. ಮೊದಲ ಕೆಲವು ಸರದಿಗಳ ಆಕಸ್ಮಿಕವೇ ಕೊನೆಯವರೆಗೂ ಉಳಿದುಕೊಳ್ಳುತ್ತದೆ. ಬ್ರಯನ್ ಆರ್ಥರ್ ಎಂಬ ಅರ್ಥಶಾಸ್ತ್ರಜ್ಞರು ೧೯೮೦ರ ದಶಕದಲ್ಲಿ ಈ ಬಗೆಯ ಗಣಿತವನ್ನು ತಂತ್ರಜ್ಞಾನಗಳ ಪೈಪೋಟಿಗೆ ಅನ್ವಯಿಸಿ ತೋರಿಸಿದರು.

ಈಗ ಗಡಿಗೆಯ ಬಳಿ ಒಬ್ಬ ಅಂಗಡಿಕಾರನನ್ನು ಕೂರಿಸೋಣ. ಅವನ ಒಲವು ಕೆಂಪಿನ ಕಡೆಗೆ, ಆದರೆ ಅತ್ಯಲ್ಪ. ಬಿಳಿಯ ಮಣಿ ಬಂದಾಗ ಹತ್ತರಲ್ಲಿ ಒಂಬತ್ತು ಸಲ ಅವನು ಬಿಳಿಯನ್ನೇ ಸೇರಿಸುತ್ತಾನೆ. ಒಂದು ಸಲ ಮಾತ್ರ ಬಿಳಿಯ ಬದಲು ಕೆಂಪನ್ನು ಸೇರಿಸುತ್ತಾನೆ. ಕೆಂಪು ಬಂದಾಗ ಯಾವಾಗಲೂ ಕೆಂಪೇ. ಇಂತಹ ಅನೇಕ ಗಡಿಗೆಗಳ ಸರಾಸರಿಯನ್ನು ಲೆಕ್ಕಹಾಕಿದರೆ, ಅರ್ಧದಿಂದ ಹೊರಟ ಬಿಳಿಯ ಪಾಲು ಮಣಿಗಳು ೧,೦೦೦ ಆಗುವ ಹೊತ್ತಿಗೆ ನೂರಕ್ಕೆ ಸುಮಾರು ೨೭ಕ್ಕೆ ಇಳಿದಿರುತ್ತದೆ; ಹತ್ತು ಲಕ್ಷವಾದಾಗ ೧೪ಕ್ಕೆ; ನೂರು ಕೋಟಿಯಾದಾಗ ೭ಕ್ಕೆ. ಇಳಿತವು ಅಲ್ಲಿಗೂ ನಿಲ್ಲುವುದಿಲ್ಲ. ಬಿಳಿಯನ್ನು ಕೇಳಿದ ಹತ್ತು ಗಿರಾಕಿಗಳಲ್ಲಿ ಒಂಬತ್ತು ಮಂದಿ ಕೇಳಿದುದನ್ನೇ ಪಡೆದರೂ ಹೀಗಾಗುವುದೆಂಬುದೇ ಇಲ್ಲಿಯ ಮುಖ್ಯ ಸಂಗತಿ. ಅಂದು ತಪ್ಪಿದ ಒಬ್ಬ ಗಿರಾಕಿ ಒಬ್ಬನೇ ಅಲ್ಲ. ಅವನನ್ನು ನೋಡಿ ಮುಂದೆ ಕೊಳ್ಳುವವರೆಲ್ಲರೂ ಅವನೊಡನೆ ತಪ್ಪಿಹೋದರು.

ನಿಜವಾದ ಪೇಟೆ ಗಡಿಗೆಯಷ್ಟು ಸರಳವಲ್ಲ. ಆದಕಾರಣ ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಸಂಗವನ್ನು ನೋಡೋಣ. ೨೦೧೪ರ ಆಗಸ್ಟಿನಲ್ಲಿ ಇಂಟೆಕ್ಸ್ ಸಂಸ್ಥೆಯು ‘ಕ್ಲೌಡ್ ಎಫ್ಎಕ್ಸ್’ ಎಂಬ ಫೈರ್‌ಫಾಕ್ಸ್ ಫೋನನ್ನು ೧,೯೯೯ ರೂಪಾಯಿಗೆ ಹೊರತಂದಿತು. ಅದು ಮೊದಲು ದೊರೆತದ್ದು ಒಂದು ಅಂತರ್ಜಾಲ ಮಳಿಗೆಯಲ್ಲಿ ಮಾತ್ರ. ಪೇಟೆಯ ಅಂಗಡಿಯಲ್ಲಿ ಅದನ್ನು ಕೈಗೆ ಕೊಟ್ಟು ತೋರಿಸುವವರಿರಲಿಲ್ಲ. ಆ ವ್ಯವಸ್ಥೆ ಬೇಗನೆ ಮುಚ್ಚಿಹೋಯಿತು. ಆದರೆ ಅದರ ಮುಕ್ತ ತಂತ್ರಾಂಶದಿಂದ ಕೈಓಎಸ್ ಎಂಬ ಕವಲು ಹುಟ್ಟಿಕೊಂಡಿತು. ೨೦೧೭ರ ಜುಲೈನಲ್ಲಿ ಜಿಯೋ ಎಂಬ ದೂರಸಂಪರ್ಕ ಸೇವಾಸಂಸ್ಥೆಯು ಇದನ್ನೇ ಅಳವಡಿಸಿದ ಜಿಯೋಫೋನನ್ನು ಘೋಷಿಸಿ, ೧,೫೦೦ ರೂಪಾಯಿಗಳ ಮರಳಿ ಕೊಡುವ ಠೇವಣಿಗೆ ತನ್ನ ಮಾರಾಟಜಾಲದ ಮೂಲಕ ಹಂಚತೊಡಗಿತು. ಅದರ ಮರುವರ್ಷವೇ ಕೈಓಎಸ್ ಭಾರತದಲ್ಲಿ ಐಓಎಸ್ಸನ್ನು ಹಿಂದಿಕ್ಕಿ ಎರಡನೆಯ ಸ್ಥಾನಕ್ಕೆ ಬಂದಿತೆಂದು ಎಣಿಕೆದಾರರು ವರದಿ ಮಾಡಿದರು. ಒಂದೇ ಬೀಜ, ಒಂದು ಹೊಲದಲ್ಲಿ ಒಣಗಿತು, ಇನ್ನೊಂದು ಹೊಲದಲ್ಲಿ ಬೆಳೆಯಿತು.

ಇದನ್ನು ಶುದ್ಧವಾದ ಪ್ರಯೋಗವೆಂದು ಕರೆಯುವಂತಿಲ್ಲ. ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದುವನ್ನು ಸ್ಥಿರವಾಗಿಡಬೇಕು. ಇಲ್ಲಿ ಬದಲಾದವು ಹಲವು. ಕ್ಲೌಡ್ ಎಫ್ಎಕ್ಸ್‌ನಲ್ಲಿ ಇದ್ದ ಕಾರ್ಯಸ್ಮೃತಿ ೧೨೮ ಎಂಬಿ, ಜಿಯೋಫೋನಿನಲ್ಲಿ ೫೧೨ ಎಂಬಿ. ಮೊದಲನೆಯದರಲ್ಲಿ ೩ಜಿ ಸಹ ಇರಲಿಲ್ಲ, ಎರಡನೆಯದರಲ್ಲಿ ೪ಜಿ ಇತ್ತು. ಅಗ್ಗದ ಕರೆ ಮತ್ತು ಅಂತರ್ಜಾಲದ ಆಕರ್ಷಣೆಯೂ ಸೇರಿತ್ತು. ಆದರೂ ಈ ಪ್ರಸಂಗದಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಹೆಸರು ಕೇಳದ ವ್ಯವಸ್ಥೆಯನ್ನು ನಮ್ಮ ಜನ ಮುಟ್ಟುವುದೇ ಇಲ್ಲವೆಂಬ ಮಾತು ಸುಳ್ಳು. ಎರಡನೆಯದಾಗಿ, ಆ್ಯಪ್ ಇದ್ದರೆ ಮಾತ್ರ ಮಾರಾಟವೆಂಬುದು ಅರ್ಧಸತ್ಯ. ಜಿಯೋಫೋನಿಗೆ ವಾಟ್ಸಾಪ್ ಬಂದದ್ದು ೨೦೧೮ರ ಸೆಪ್ಟೆಂಬರಿನಲ್ಲಿ, ಎಂದರೆ ಅದು ಕೋಟಿಗಟ್ಟಲೆ ಜನರ ಕೈ ಸೇರಿದ ತರುವಾಯ. ಬಳಸುವವರ ಸಂಖ್ಯೆ ಕಂಡು ಆ್ಯಪ್ ಬಂದಿತು. ಸೇವಾಸಂಸ್ಥೆಯ ಗಮನ ಬೇರೆಡೆಗೆ ಹೊರಳಿದ ಮೇಲೆ ಅದೇ ವ್ಯವಸ್ಥೆಗೆ ೨೦೨೪ರಲ್ಲಿ ವಾಟ್ಸಾಪನ್ನು ಹೊಸದಾಗಿ ಪಡೆಯುವ ಅವಕಾಶವು ನಿಂತುಹೋಯಿತು.

ಅಂಗಡಿಕಾರರ ವಾದವನ್ನೂ ನ್ಯಾಯವಾಗಿ ಕೇಳಬೇಕು. ಸಣ್ಣ ಊರಿನ ಅಂಗಡಿಕಾರನು ಫೋನನ್ನು ಮಾರಿ ಕೈತೊಳೆದುಕೊಳ್ಳುವಂತಿಲ್ಲ. ಸಿಮ್ ಹಾಕಿಕೊಡುವವನು ಅವನು. ಹಳೆಯ ಫೋನಿನ ಹೆಸರು-ಸಂಖ್ಯೆಗಳನ್ನು ಹೊಸದಕ್ಕೆ ತುಂಬಿಕೊಡುವವನು ಅವನು. ಎಂಟು ದಿನಗಳ ಮೇಲೆ ಬ್ಯಾಂಕಿನ ಆ್ಯಪ್ ನಡೆಯುತ್ತಿಲ್ಲವೆಂದು ಗಿರಾಕಿ ಮರಳಿ ಬಂದರೆ ಬೈಸಿಕೊಳ್ಳುವವನೂ ಅವನೇ. ದುರಸ್ತಿಯ ಬಿಡಿಭಾಗಗಳು ದೊರೆಯದ ಫೋನನ್ನು ಮಾರಲು ಅವನು ಹಿಂಜರಿದರೆ ಅದು ಮೋಸವಲ್ಲ, ವಿವೇಕ. ಬಿಡಿಭಾಗಗಳಿಲ್ಲವೆಂದೋ ಇಂತಹ ಆ್ಯಪ್ ನಡೆಯದೆಂದೋ ಅವನು ತಿಳಿಸಿದರೆ ಗಿರಾಕಿಯು ಅವನಿಗೆ ಕೃತಜ್ಞನಾಗಿರಬೇಕು. ನಮ್ಮ ಆಕ್ಷೇಪಣೆ ಇರುವುದು ಕಾರಣವನ್ನು ಮುಚ್ಚಿಡುವುದರ ಬಗೆಗೆ. ‘ಇದರಲ್ಲಿ ಆ ಕೆಲಸ ಆಗದು’ ಎಂಬುದು ಪರೀಕ್ಷಿಸಬಹುದಾದ ಮಾತು. ‘ಇದು ನಡೆಯುವುದಿಲ್ಲ’ ಎಂಬುದು ಪರೀಕ್ಷೆಗೆ ಸಿಕ್ಕದ ಮಾತು. ಅದರ ಹಿಂದೆ ಅನುಭವವಿದೆಯೋ ಪ್ರೋತ್ಸಾಹಧನವಿದೆಯೋ ಗಿರಾಕಿಗೆ ಗೊತ್ತಾಗುವುದಿಲ್ಲ.

ದೋಷವೆಲ್ಲವನ್ನೂ ಅಂಗಡಿಯ ಮೇಲೆ ಹೊರಿಸುವುದೂ ಸಲ್ಲದು. ಅಂಗಡಿಗೆ ಬರುವ ಮೊದಲೇ ಆಯ್ಕೆಯು ಕಿರಿದಾಗಿರುತ್ತದೆ. ಗೂಗಲ್ ಸಂಸ್ಥೆಯು ಫೋನು ತಯಾರಕರೊಡನೆ ಮಾಡಿಕೊಂಡಿದ್ದ ಒಪ್ಪಂದಗಳಲ್ಲಿ, ತನ್ನ ಆ್ಯಪ್‌ಗಳನ್ನು ಒಟ್ಟಾಗಿ ಮೊದಲೇ ತುಂಬಿರಬೇಕೆಂಬ ಷರತ್ತೂ, ಆಂಡ್ರಾಯ್ಡಿನ ಬೇರೆ ಕವಲುಗಳುಳ್ಳ ಸಾಧನಗಳನ್ನು ತಯಾರಿಸಬಾರದೆಂಬ ಷರತ್ತೂ ಇದ್ದವು. ಇದು ಪೈಪೋಟಿಗೆ ಭಂಗವೆಂದು ಭಾರತೀಯ ಸ್ಪರ್ಧಾ ಆಯೋಗವು ೨೦೨೨ರ ಅಕ್ಟೋಬರ್ ೨೦ರಂದು ೧,೩೩೭.೭೬ ಕೋಟಿ ರೂಪಾಯಿಗಳ ದಂಡ ವಿಧಿಸಿತು. ೨೦೨೩ರ ಮಾರ್ಚಿಯಲ್ಲಿ ಮೇಲ್ಮನವಿ ನ್ಯಾಯಾಧಿಕರಣವು ಆಯೋಗದ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿತಾದರೂ ದಂಡವನ್ನು ಎತ್ತಿಹಿಡಿಯಿತು. ಕಾರ್ಖಾನೆಯ ಬಾಗಿಲಿನಲ್ಲಿ ನಡೆಯುವುದನ್ನು ಕಾನೂನು ಹೀಗೆ ನೋಡುತ್ತಿದೆ. ಅಂಗಡಿಯ ಮೇಜಿನ ಬಳಿ ನಡೆಯುವುದನ್ನು ಗಿರಾಕಿಯೇ ನೋಡಿಕೊಳ್ಳಬೇಕಾಗಿದೆ.

ಇದಕ್ಕೆ ಪರಿಹಾರವಾದರೂ ಏನು? ಒಂದು ಪರಿಹಾರದ ಮಾದರಿ ನಮ್ಮ ಮನೆಯ ಗೋಡೆಯಲ್ಲಿಯೇ ಇದೆ. ಹುಕ್ಕೇರಿ ತಾಲ್ಲೂಕಿನಲ್ಲಿ ವಿದ್ಯುತ್ತನ್ನು ಹಂಚುವುದು ೧೯೬೯ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಪಕ್ಕದ ಗೋಕಾಕದಲ್ಲಿ ಹಂಚುವುದು ಹುಬ್ಬಳ್ಳಿಯ ಸರಕಾರಿ ಕಂಪನಿ. ಆದರೆ ಗೋಕಾಕದಲ್ಲಿ ಕೊಂಡ ಬಲ್ಬು ಹುಕ್ಕೇರಿಯಲ್ಲಿ ಉರಿಯುವುದಿಲ್ಲವೆಂಬ ಮಾತುಂಟೇ? ೨೩೦ ವೋಲ್ಟ್, ೫೦ ಹರ್ಟ್ಸ್ ಎಂಬ ಮಾನಕವು ಎರಡಕ್ಕೂ ಒಂದೇ. ಆದಕಾರಣ ಚಿಕ್ಕ ಸಂಸ್ಥೆಯು ದೊಡ್ಡದರ ಪಕ್ಕದಲ್ಲಿ ಬಾಳಬಲ್ಲದು. ಫೋನಿನ ಕರೆಯಲ್ಲಿಯೂ ಇದೇ ನಿಯಮ. ಯಾವ ಕಂಪನಿಯ ಫೋನಿನಿಂದಲೂ ಯಾವ ಕಂಪನಿಯ ಫೋನಿಗಾದರೂ ಮಾತನಾಡಬಹುದು. ೨೦೧೧ರಿಂದ ಸಂಖ್ಯೆಯನ್ನು ಬದಲಿಸದೆ ಸೇವಾಸಂಸ್ಥೆಯನ್ನು ಬದಲಿಸುವ ಅವಕಾಶವೂ ದೇಶದಾದ್ಯಂತ ಬಂದಿದೆ. ೨೦೨೨ರ ಮಾರ್ಚಿಯಲ್ಲಿ ರಿಸರ್ವ್ ಬ್ಯಾಂಕು ಸಾಮಾನ್ಯ ಫೋನುಗಳಿಂದಲೇ ಹಣ ಕಳುಹಿಸುವ ‘ಯುಪಿಐ ೧೨೩ಪೇ’ ಎಂಬ ಏರ್ಪಾಟನ್ನು ಪ್ರಾರಂಭಿಸಿತು. ಸರಕಾರದ ಸೇವೆಗಳೂ, ಬ್ಯಾಂಕುಗಳೂ, ನಮ್ಮ ಕಾಲೇಜುಗಳೂ ಇದೇ ದಾರಿಯನ್ನು ಹಿಡಿಯಬೇಕು. ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಕಾಲೇಜಿನ ಸುತ್ತೋಲೆ ಇವು ಯಾವುದೋ ಒಂದು ವ್ಯವಸ್ಥೆಯ ಆ್ಯಪ್‌ನಲ್ಲಿ ಮಾತ್ರ ದೊರೆಯದೆ, ಯಾವ ಫೋನಿನ ಬ್ರೌಸರಿನಲ್ಲಾದರೂ ತೆರೆಯುವಂತಿದ್ದರೆ ಅಂಗಡಿಯ ಒಲವಿಗೆ ಅರ್ಧ ಬಲ ಕುಂದುತ್ತದೆ.

ಅಲ್ಪಸಂಖ್ಯೆಯವರ ಆಯ್ಕೆಯ ಬಗೆಗೆ ಇಷ್ಟೊಂದು ಚಿಂತೆ ಏಕೆಂದು ಕೇಳುವವರು ಕನ್ನಡದ ಕಥೆಯನ್ನು ನೆನೆಯಬೇಕು. ಕಂಪ್ಯೂಟರಿನ ಪೇಟೆಯಲ್ಲಿ ಕನ್ನಡವೂ ಒಂದು ಬಿಳಿಯ ಮಣಿಯೇ ಆಗಿತ್ತು. ಕೇಳುವವರು ಕಡಿಮೆಯೆಂದು ಸುಮ್ಮನಿದ್ದಿದ್ದರೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಾಗಲಿ, ೧೯೯೮ರಲ್ಲಿ ಬಂದ ‘ಬರಹ’ ತಂತ್ರಾಂಶವಾಗಲಿ, ಆ ಬಳಿಕದ ‘ನುಡಿ’ಯಾಗಲಿ ಹುಟ್ಟುತ್ತಿರಲಿಲ್ಲ. ಒಂದು ಅಕ್ಷರಜೋಡಣೆಯಲ್ಲಿ ಬರೆದುದು ಇನ್ನೊಂದರಲ್ಲಿ ಓದಲಾಗದ ಗೊಜಲಾಗುತ್ತಿದ್ದ ಕಾಲವೂ ಇತ್ತು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಮಾನಕದಲ್ಲಿ ಕನ್ನಡಕ್ಕೂ ಸ್ಥಾನ ದೊರೆತು, ಕ್ರಮೇಣ ಅದು ಬಳಕೆಗೆ ಬಂದುದರಿಂದ ಇಂದು ಯಾವ ಫೋನಿನಲ್ಲಿ ಬರೆದ ಕನ್ನಡವನ್ನಾದರೂ ಮತ್ತೊಂದರಲ್ಲಿ ಓದಬಹುದಾಗಿದೆ. ‘ಯಾರೂ ಕೇಳುವುದಿಲ್ಲ’ ಎಂಬ ವಾದವನ್ನು ಬೇರೆಯವರ ವಿಷಯದಲ್ಲಿ ಒಪ್ಪಿಕೊಂಡರೆ ನಾಳೆ ನಮ್ಮ ನುಡಿಯ ವಿಷಯದಲ್ಲಿಯೂ ಒಪ್ಪಿಕೊಳ್ಳಬೇಕಾದೀತು.

೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಸರಕಿನ ಗುಣ, ಪ್ರಮಾಣ, ಬೆಲೆಗಳನ್ನು ತಿಳಿಯುವ ಹಕ್ಕನ್ನೂ, ಸಾಧ್ಯವಿದ್ದಲ್ಲೆಲ್ಲ ಬಗೆಬಗೆಯ ಸರಕುಗಳು ಪೈಪೋಟಿಯ ಬೆಲೆಗೆ ದೊರೆಯುವ ಹಕ್ಕನ್ನೂ ಗ್ರಾಹಕನಿಗೆ ಹೇಳಿದೆ. ಈ ಹಕ್ಕುಗಳು ಮಾತಿನಲ್ಲಿ ಉಳಿಯದೆ ಕಾರ್ಯಕ್ಕೆ ಬರಬೇಕಾದರೆ ಎರಡು ಏರ್ಪಾಟುಗಳಾಗಬೇಕೆಂದು ನಮ್ಮ ಅಭಿಪ್ರಾಯ. ಕಂಪನಿಯಿಂದ ಸಂಬಳ ಪಡೆಯುವ ಪ್ರತಿನಿಧಿಯು ಆ ಕಂಪನಿಯ ಹೆಸರನ್ನು ಎದ್ದುಕಾಣುವಂತೆ ಧರಿಸಿರಬೇಕು. ಪ್ರತಿಯೊಂದು ಫೋನಿನ ಬಳಿಯೂ ಬೆಲೆಯೊಡನೆ, ಅದರ ವ್ಯವಸ್ಥೆ ಯಾವುದು, ಭದ್ರತಾ ಪರಿಷ್ಕರಣೆಗಳು ಯಾವ ವರ್ಷದವರೆಗೆ ದೊರೆಯುವುವು, ಹತ್ತಿರದ ದುರಸ್ತಿ ಕೇಂದ್ರ ಎಲ್ಲಿದೆ ಎಂಬುದನ್ನು ಬರೆದ ಚೀಟಿಯಿರಬೇಕು. ಇವೆರಡಕ್ಕೂ ತಗಲುವ ವೆಚ್ಚ ಅತ್ಯಲ್ಪ.

ವಿದ್ಯಾರ್ಥಿಗಳು ಮಾಡಬಹುದಾದುದೂ ಇದೆ. ನಮ್ಮ ಭಾಗದ ಬಹಳಷ್ಟು ಮನೆಗಳಲ್ಲಿ ಕಬ್ಬಿನ ಬಿಲ್ಲು ಬಂದಾಗಲೋ ಜೋಳ ಮಾರಿದಾಗಲೋ ಮಗನಿಗೋ ಮಗಳಿಗೋ ಒಂದು ಫೋನು ಬರುತ್ತದೆ. ಅದೇ ಮೂರು ನಾಲ್ಕು ವರ್ಷಗಳ ಪುಸ್ತಕ, ತರಗತಿ, ಬ್ಯಾಂಕು ಎಲ್ಲವೂ ಆಗುತ್ತದೆ. ಅಂತಹ ವಸ್ತುವನ್ನು ಕೊಳ್ಳಹೋಗುವ ಮುನ್ನ ತಮಗೆ ಬೇಕಾದ ಕೆಲಸಗಳಾವುವೆಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಲಿ. ಮಾರಾಟಗಾರನು ಒಂದನ್ನು ಬೇಡವೆಂದರೆ, ವಿನಯದಿಂದಲೇ, ಯಾವ ಕಾರಣಕ್ಕೆಂದು ಕೇಳಲಿ. ಇದನ್ನು ಮಾರಿದರೆ ತಮಗೇನಾದರೂ ಹೆಚ್ಚು ದೊರೆಯುವುದೇ ಎಂದೂ ಕೇಳಲಿ. ಕೊನೆಗೆ ಎಲ್ಲರೂ ಒಯ್ಯುವುದನ್ನೇ ಒಯ್ದರೂ ಬಾಧಕವಿಲ್ಲ. ಪರೀಕ್ಷಿಸಿ ಒಯ್ದರೆ ಸಾಕು. ನಮ್ಮ ಕಾಲೇಜುಗಳಲ್ಲಿ ಇಂದು ಓದುತ್ತಿರುವವರಲ್ಲಿಯೇ ಯಾರಾದರ� ಮುಂದೆ ಹೊಸದೊಂದು ವ್ಯವಸ್ಥೆಯನ್ನು ರಚಿಸಬಹುದು. ಅದು ಪೇಟೆಗೆ ಬಂದ ದಿನ ಅದರ ಗುಣಾವಗುಣಗಳನ್ನು ವಿಚಾರಿಸುವ ಗಿರಾಕಿಗಳಿರಬೇಕಾದರೆ, ಆ ಅಭ್ಯಾಸವು ಇಂದಿನಿಂದಲೇ ಬೆಳೆಯಬೇಕು.